ಆರುನೂರು ಚದರಡಿ ಗರಿಕೆ ಹಾಸು, ಅಗಲ ಎಲೆಯ ಕಳೆ: ಒಂದು ಮುಂಗಾರಿನ ಕೆಲಸದ ದಾಖಲೆ

ಮನೆಯ ಮುಂದಿನ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಹುಲ್ಲುಹಾಸನ್ನು ನಾವು ದಾವಣಗೆರೆಯಲ್ಲಿ ಮನೆ ಕಟ್ಟಿಸಿದ ಮರುವರ್ಷ ಹಾಕಿಸಿದ್ದೆವು. ನಿವೇಶನದ್ದು ಎರೆಮಣ್ಣು, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತಿತ್ತು. ಅದರ ಮೇಲೆ ನಾಲ್ಕು ಅಂಗುಲ ಕೆರೆಗೋಡನ್ನು ಹರಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ಗರಿಕೆಯ ತುಂಡುಗಳನ್ನು ನಾಟಿ ಮಾಡಿಸಿದೆವು. ಕೆರೆಗೋಡು ಎಂದರೆ ಸುತ್ತಲಿನ ಹೊಲಗಳಿಂದ ಮಳೆನೀರು ಕೊಚ್ಚಿ ತಂದ ಹೂಳು, ಹಾಗಾಗಿ ಆ ಹೊಲಗಳ ಕಳೆಬೀಜವೂ ಅದರೊಳಗೇ ಇರುತ್ತದೆ ಎಂಬುದು, ಪೂರ್ತಿ ಕಳಿಯದ ಗೊಬ್ಬರದಲ್ಲಿ ದನದ ಹೊಟ್ಟೆ ದಾಟಿ ಬಂದ ಬೀಜವೂ ಮೊಳೆಯುವ ಸ್ಥಿತಿಯಲ್ಲಿಯೇ ಉಳಿದಿರುತ್ತದೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಗರಿಕೆಯ ನಡುವೆ ಕಳೆ ಎನ್ನುವ ಬದಲು ಕಳೆಯ ನಡುವೆ ಗರಿಕೆ ಎನ್ನುವ ಸ್ಥಿತಿ ಬಂದಿತ್ತು.

ಕಳೆದ ಮೇ ಕೊನೆಯ ವಾರದಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪಾಗಿತ್ತು. ಯಾವ ಗಿಡ, ಎಷ್ಟು ಗಿಡ ಎಂದು ನೋಡುವ ಮೊದಲೇ ಔಷಧಿ ತರಲು ಹೋದೆ. ಗೊಬ್ಬರದ ಅಂಗಡಿಯಲ್ಲಿ ‘ಕಳೆಗೆ ಹೊಡೆಯುವ ಎಣ್ಣೆ’ ಎಂದು ಕೇಳಿದ ಕೂಡಲೇ ಮೇಜಿನ ಮೇಲೆ ಇಟ್ಟದ್ದು ಗ್ಲೈಫೋಸೇಟ್. ಅದು ಹಸಿರಾದ ಯಾವುದನ್ನೂ ಬಿಡುವುದಿಲ್ಲ. ಹೊಡೆದಿದ್ದರೆ ಗರಿಕೆಯೂ ಸುಟ್ಟು ಅಂಗಳ ಬಯಲಾಗುತ್ತಿತ್ತು. ಅದೂ ಅಲ್ಲದೆ, ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಪಡೆದವರು ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು. ಲಾನ್‌ಗೆ ಬೇಕಾದದ್ದು ಹುಲ್ಲನ್ನು ಉಳಿಸಿ ಅಗಲ ಎಲೆಯ ಗಿಡವನ್ನು ಮಾತ್ರ ಕೊಲ್ಲುವ ಔಷಧಿ, ಅಂದರೆ 2,4-ಡಿ. ನಮ್ಮದು ಮೆಕ್ಕೆಜೋಳದ ಜಿಲ್ಲೆಯಾದ್ದರಿಂದ ಅದು ಸುಲಭವಾಗಿ ಸಿಗುತ್ತದೆ. ಮೆಕ್ಕೆಜೋಳವೂ ಹುಲ್ಲಿನ ಕುಲದ್ದೇ.

2,4-ಡಿ ನಮ್ಮ ಅಂಗಡಿಗಳಲ್ಲಿ ಮೂರು ರೂಪದಲ್ಲಿ ಬರುತ್ತದೆ: ಶೇ. 80ರ ಸೋಡಿಯಂ ಲವಣದ ಪುಡಿ, ಶೇ. 58ರ ಅಮೈನ್ ಲವಣದ ದ್ರವ, ಶೇ. 38ರ ಈಥೈಲ್ ಎಸ್ಟರ್. ಎಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ಪಕ್ಕದ ಮನೆಯ ಟೊಮ್ಯಾಟೊ, ಗುಲಾಬಿ, ದ್ರಾಕ್ಷಿ ಬಳ್ಳಿಗಳ ಮೇಲೂ ಹೋಗಿ ಕೂರುತ್ತದೆ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಊರಿನಲ್ಲಿ ಇದನ್ನೂ ಹೇಳಬೇಕು: ಹತ್ತಿಗಿಡ ಈ ಔಷಧಿಯ ಗಾಳಿ ಸೋಕಿದರೂ ಎಲೆ ಮುದುಡಿಕೊಳ್ಳುತ್ತದೆ. ಆದ್ದರಿಂದ ಅಮೈನ್ ಲವಣವನ್ನು ತಂದೆ. ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಮೆಕ್ಕೆಜೋಳ, ಗೋಧಿ, ಕಬ್ಬುಗಳ ಹೆಸರಿದ್ದವೇ ಹೊರತು ಮನೆಯ ಹುಲ್ಲುಹಾಸಿನ ಹೆಸರಿರಲಿಲ್ಲ. ಬೆಳೆಗೆ ಹೇಳಿದ ಪ್ರಮಾಣವನ್ನು ಒಂದು ಹನಿಯೂ ಮೀರಬಾರದು ಎಂದು ಆಗಲೇ ನಿಶ್ಚಯಿಸಿಕೊಂಡೆ.

ಹೆಕ್ಟೇರಿಗೆ ಎರಡು ಲೀಟರ್ ಎಂದರೆ ನೂರು ಚದರ ಮೀಟರಿಗೆ 20 ಮಿಲಿಲೀಟರ್. ನಮ್ಮ ಆರುನೂರು ಚದರಡಿ ಹೆಚ್ಚುಕಡಿಮೆ 55 ಚದರ ಮೀಟರ್ ಆಗುವುದರಿಂದ ಇಡೀ ಲಾನ್‌ಗೆ ಬೇಕಾದದ್ದು 11 ಮಿಲಿಲೀಟರ್ ಮಾತ್ರ. ಒಂದು ಕೆಮ್ಮಿನ ಔಷಧಿಯ ಮುಚ್ಚಳದಷ್ಟು ಎಂದು ನೋಡಿದಾಗ ಇನ್ನೊಂದಿಷ್ಟು ಸುರಿಯೋಣ ಎನ್ನಿಸುತ್ತದೆ, ಸುರಿಯಬಾರದು. ಪ್ರಮಾಣ ಹೆಚ್ಚಾದರೆ ಎಲೆ ಬೇಗನೆ ಸುಟ್ಟು, ಔಷಧಿ ಬೇರಿಗೆ ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ನೀರೆಷ್ಟು ಬೇಕು ಎಂದು ತಿಳಿಯಲು ಸಿಂಪರಣಾ ಯಂತ್ರಕ್ಕೆ ಬರಿ ನೀರು ತುಂಬಿ, ನಾನು ನಡೆಯುವ ವೇಗದಲ್ಲಿಯೇ ಇಡೀ ಲಾನ್‌ನ ಮೇಲೆ ಒಮ್ಮೆ ಹೊಡೆದು ನೋಡಿದೆ. ಎರಡೂಮುಕ್ಕಾಲು ಲೀಟರ್ ಖರ್ಚಾಯಿತು, ಅಂದರೆ ಲೀಟರಿಗೆ ನಾಲ್ಕು ಮಿಲಿಲೀಟರ್ ಔಷಧಿ.

ಇಷ್ಟೆಲ್ಲ ಲೆಕ್ಕ ಹಾಕಿ, ಹಿಂದಿನ ದಿನ ಲಾನನ್ನು ನುಣ್ಣಗೆ ಕತ್ತರಿಸಿ, ಬೋರ್‌ವೆಲ್ ನೀರಿನಲ್ಲಿ ಔಷಧಿ ಬೆರೆಸಿ, ಮೇ ತಿಂಗಳ ಬಿಸಿಲಿನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಹೊಡೆದೆ. ನಾಲ್ಕನೆಯ ದಿನ ಕಳೆಗಳ ತುದಿ ಹಗ್ಗದಂತೆ ಹುರಿಗೊಂಡಿತು. ಎರಡನೆಯ ವಾರಕ್ಕೆ ಬುಡದಿಂದ ಹೊಸ ಚಿಗುರು ಬಂತು. ಜೂನ್ ಎರಡನೆಯ ವಾರ ಮೃಗಶಿರ ಮಳೆ ಬಿದ್ದ ಮೇಲಂತೂ ಏನೂ ನಡೆದೇ ಇಲ್ಲವೆಂಬಂತೆ ಎಲ್ಲವೂ ಎದ್ದು ನಿಂತವು.

ಆಗ ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಮೊದಲೇ ಮಾಡಬೇಕಾಗಿದ್ದ ಕೆಲಸಕ್ಕೆ ಕುಳಿತೆ. ಉಳಿದಿದ್ದ ಪಿ.ವಿ.ಸಿ. ಕೊಳವೆಯಿಂದ ಒಂದಡಿ ಚೌಕದ ಚೌಕಟ್ಟು ಮಾಡಿ, ಲಾನ್‌ನ ಹತ್ತು ಕಡೆ ಇಟ್ಟು, ಒಳಗಿದ್ದ ಅಗಲ ಎಲೆಯ ಗಿಡಗಳನ್ನು ಎಣಿಸಿದೆ. ಒಟ್ಟು 143. ಒಂದೊಂದು ಜಾತಿಯ ಎರಡೆರಡು ಗಿಡಗಳನ್ನು ಹಳೆಯ ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಬೇರುಸಮೇತ ಎಬ್ಬಿಸಿ, ತೊಳೆದು, ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿದೆ. ಕಳೆ ಗುರುತಿಸುವವರು ಸಾಮಾನ್ಯವಾಗಿ ಎಲೆ, ಹೂವು ನೋಡುತ್ತಾರೆ. ಕೆಲಸಕ್ಕೆ ಬಂದದ್ದು ಬೇರು: ಕೈಯಿಂದ ಕಿತ್ತರೆ ಮುಗಿಯುತ್ತದೋ, ಅಗೆಯಬೇಕೋ, ಔಷಧಿಯೇ ಗತಿಯೋ ಎನ್ನುವುದನ್ನು ಹೇಳಿದ್ದು ಅದೇ.

ಎಲ್ಲಕ್ಕಿಂತ ಹೆಚ್ಚಿದ್ದದ್ದು ಟ್ರೈಡ್ಯಾಕ್ಸ್. ಹಳ್ಳಿಯಲ್ಲಿ ಗಾಯವಾದರೆ ಎಲೆ ಜಜ್ಜಿ ರಸ ಹಿಂಡುವ, ಹಳದಿ ಕಣ್ಣಿನ ಸುತ್ತ ಕೆಲವೇ ಬಿಳಿ ಎಸಳಿರುವ, ಉದ್ದ ತೊಟ್ಟಿನ ಹೂವಿನ ಗಿಡ. ಅದರ ಕಾಂಡ ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಒಂದು ಕಡೆ ಎಳೆದರೆ ಗೆಣ್ಣಿನ ಬಳಿ ತುಂಡಾಗಿ ಉಳಿದ ಭಾಗ ಸ್ವತಂತ್ರ ಗಿಡವಾಗುತ್ತದೆ. ಬೀಜಕ್ಕೆ ಕುಚ್ಚು ಇರುವುದರಿಂದ ಪಕ್ಕದ ಖಾಲಿ ನಿವೇಶನದಿಂದ ಹಾರಿ ಬರುವುದನ್ನು ತಡೆಯಲಾಗದು. ಎರಡನೆಯದು ಕೊಮ್ಮೆ, ಅಂದರೆ ಪುನರ್ನವ. ಮೇಲೆ ನಾಲ್ಕು ಕವಲಿನ ಬಡಕಲು ಬಳ್ಳಿ, ಕೆಳಗೆ ಕಿರುಬೆರಳಿನಷ್ಟು ದಪ್ಪದ ತಾಯಿಬೇರು. ಒಂದು ಗಿಡವನ್ನು ಪೂರ್ತಿ ಎಬ್ಬಿಸಲು ಹನ್ನೊಂದು ಅಂಗುಲ ಅಗೆಯಬೇಕಾಯಿತು. ಮಧ್ಯದಲ್ಲಿ ಮುರಿದರೆ ಉಳಿದ ತುಂಡು ಮತ್ತೆ ಚಿಗುರುತ್ತದೆ, ಆ ಹೆಸರನ್ನು ಇಟ್ಟವರು ಇದನ್ನು ಕಂಡೇ ಇಟ್ಟಿರಬೇಕು.

ಮೂರನೆಯದು ಕಾಡುಮೆಂತ್ಯ. ಮೆಂತ್ಯದೆಲೆಯನ್ನೇ ಚಿಕ್ಕದು ಮಾಡಿದಂತಹ ಮೂರು ಎಲೆ, ಅಕ್ಕಿಕಾಳಿಗಿಂತ ಸಣ್ಣ ನೇರಳೆ ಹೂವು, ನೆಲಕ್ಕೆ ಅಂಟಿದ ಚಾಪೆ. ಇದು ದ್ವಿದಳ ಕುಲದ್ದು. ಬೇರಿನ ಗಂಟುಗಳಲ್ಲಿ ತನ್ನ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಮಣ್ಣಿನಲ್ಲಿ ಸಾರಜನಕ ಕಡಿಮೆಯಾಗಿ ಗರಿಕೆ ಬಡವಾದ ಕಡೆಯಲ್ಲಿ ಇದು ಮೇಲುಗೈ ಸಾಧಿಸುತ್ತದೆ. ನಾನು ಎರಡು ವರ್ಷ ಲಾನ್‌ಗೆ ಗೊಬ್ಬರವನ್ನೇ ಕೊಟ್ಟಿರಲಿಲ್ಲ.

ಗೇಟಿನಿಂದ ಜಗಲಿಗೆ ಮಕ್ಕಳು ಓಡಾಡುವ ದಾರಿಯಲ್ಲಿ ನೆಲ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಅಲ್ಲಿ ಗರಿಕೆ ಸೋತು, ಮುರಿದರೆ ಹಾಲು ಬರುವ ಅಚ್ಚೆಗಿಡವೂ ಅದರದೇ ಜಾತಿಯ ನೆಲಕ್ಕಂಟುವ ಸಣ್ಣ ಗಿಡವೂ ಗೋಣಿಸೊಪ್ಪೂ ನೆಗ್ಗಿಲು ಮುಳ್ಳೂ ಬಂದಿದ್ದವು. ನೆಗ್ಗಿಲು ಬಂದದ್ದು ಬೈಕಿನ ಟೈರಿಗೆ ಚುಚ್ಚಿಕೊಂಡು ಎಂಬುದರಲ್ಲಿ ಸಂಶಯವಿಲ್ಲ, ಏಕೆಂದರೆ ಗಾಡಿ ನಿಲ್ಲಿಸುವ ಅಂಚಿನಲ್ಲಿಯೇ ಮೂರು ಬಳ್ಳಿ ಇದ್ದವು. ಸೋರುವ ನಲ್ಲಿಯ ಬಳಿ ಹೊನಗನ್ನೆ. ಕಾಂಪೌಂಡಿನ ನೆರಳಿಗೆ ಹುಳಿಸೊಪ್ಪು: ಹೃದಯದಾಕಾರದ ಮೂರೆಲೆ, ಐದೆಸಳಿನ ಹಳದಿ ಹೂ, ಮುಟ್ಟಿದರೆ ಸಿಡಿದು ಬೀಜ ಚಿಮ್ಮುವ ಕಾಯಿ. ಬೇಲಿಯಂಚಿನಲ್ಲಿ ನಾಲ್ಕು ಪಾರ್ಥೇನಿಯಂ, ನಮ್ಮ ಕಡೆಯ ಮಾತಿನಲ್ಲಿ ಕಾಂಗ್ರೆಸ್ ಗಿಡ.

ಅವ್ವ ಬಂದು ಪತ್ರಿಕೆಯ ಮೇಲಿನ ಸಾಲನ್ನು ನೋಡಿದಳು. ಹೊನಗನ್ನೆ, ಗೋಣಿಸೊಪ್ಪು, ಕೊಮ್ಮೆಯ ಎಳೆ ಚಿಗುರು ಮೂರನ್ನೂ ಎತ್ತಿಕೊಂಡು, “ಇದು ಕಸ ಅಲ್ಲೋ, ಬೆರಕೆ ಸೊಪ್ಪು” ಎಂದಳು. ಮೇ ತಿಂಗಳಲ್ಲಿ ಅದರ ಮೇಲೆಯೇ ಔಷಧಿ ಹೊಡೆದಿದ್ದೇನೆ, ಮುಟ್ಟಬೇಡ ಎಂದು ಬಿಡಿಸಿಕೊಳ್ಳಲು ಸಾಕಾಯಿತು. ಅಂದಿನಿಂದ ಔಷಧಿ ಹೊಡೆದ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿಯೇ ಬರೆಯುವ ಪದ್ಧತಿ ಮಾಡಿದೆ.

ಆರಿದ್ರ ಮಳೆಯ ಎರಡು ವಾರ ಕೈಕಳೆಗೆ ಮೀಸಲಾಯಿತು. ನೆಲ ಹಸಿಯಿದ್ದಾಗ ಮಾತ್ರ ತಾಯಿಬೇರು ಮುರಿಯದೆ ಬರುತ್ತದೆ. ಎರೆಮಣ್ಣಿನಲ್ಲಿ ಮಳೆ ನಿಂತ ಮರುದಿನ ಕೈಗೆ ಮೆತ್ತುತ್ತದೆ, ಮೂರನೆಯ ದಿನ ಹದ, ಐದನೆಯ ದಿನಕ್ಕೆ ಮತ್ತೆ ಕಲ್ಲು. ಆ ಹದದ ದಿನ ನೋಡಿಕೊಂಡು ಕುರ್ಪಿ, ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಅಚ್ಚೆಗಿಡ, ನೆಗ್ಗಿಲು, ಗೋಣಿಸೊಪ್ಪು ಸಲೀಸಾಗಿ ಬಂದವು. ಗೋಣಿಸೊಪ್ಪನ್ನು ಕಿತ್ತು ಅಲ್ಲೇ ಬಿಸಾಡಬಾರದು: ದಪ್ಪ ಕಾಂಡದಲ್ಲಿ ನೀರು ಹಿಡಿದಿಟ್ಟುಕೊಂಡಿರುವುದರಿಂದ ಬುಡಮೇಲಾಗಿ ಬಿದ್ದ ಗಿಡವೂ ಬೀಜ ಬಲಿಸುತ್ತದೆ, ಕಾಂಡದ ತುಂಡು ಮತ್ತೆ ಬೇರೂರುತ್ತದೆ. ಪಾರ್ಥೇನಿಯಂಗೆ ಕೈಗವಸು ಹಾಕಿಕೊಂಡೇ ಕೈ ಹಾಕಿದೆ. ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ ತರುವ ಗಿಡ ಅದು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಮೊದಲು ಗಮನಕ್ಕೆ ಬಂದ ಈ ಕಳೆಯನ್ನು ತಿನ್ನಿಸಲು 1980ರ ದಶಕದಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ ಬೆಂಗಳೂರಿನಿಂದ ಬಿಟ್ಟರು. ಖಾಲಿ ನಿವೇಶನದ ಪಾರ್ಥೇನಿಯಂನ ಎಲೆಗಳ ಮೇಲೆ ಕಪ್ಪು ಗೆರೆಯ ಆ ಹುಳುಗಳು ಮಳೆಗಾಲದಲ್ಲಿ ಈಗಲೂ ಕಾಣುತ್ತವೆ, ಅವಕ್ಕೆ ನಾನು ಏನೂ ಮಾಡುವುದಿಲ್ಲ.

ಹುಳಿಸೊಪ್ಪು ಬೇರೆಯದೇ ತಲೆನೋವು. ಕಾಯಿ ಬಲಿತ ಗಿಡವನ್ನು ಎಳೆದರೆ ಕೀಳುವ ಕೈಯೇ ಬಿತ್ತುವ ಕೈಯಾಗುತ್ತದೆ. ಬೆಳಗಿನ ಇಬ್ಬನಿ ಆರುವ ಮೊದಲು, ಗಿಡವನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ, ಚೀಲದೊಳಗೇ ಕಿತ್ತುಕೊಳ್ಳುವುದನ್ನು ರೂಢಿ ಮಾಡಿಕೊಂಡೆ. 2,4-ಡಿ ಒಂದೇ ಈ ಗಿಡವನ್ನು ಚೆನ್ನಾಗಿ ಕೊಲ್ಲುವುದಿಲ್ಲ, ಆದ್ದರಿಂದ ಇಲ್ಲಿ ಕೈಯೇ ಗತಿ.

ಟ್ರೈಡ್ಯಾಕ್ಸ್, ಕೊಮ್ಮೆ, ಕಾಡುಮೆಂತ್ಯ ಈ ಮೂರಕ್ಕೆ ಮತ್ತೆ ಔಷಧಿ ಬೇಕೇಬೇಕಾಗಿತ್ತು. ಅದಕ್ಕೆ ಮೊದಲು ಮೇ ತಿಂಗಳ ಸೋಲಿನ ಕಾರಣ ಹುಡುಕಬೇಕಿತ್ತು. 2,4-ಡಿ ಗಿಡದ ಬೆಳವಣಿಗೆಯ ಹಾರ್ಮೋನನ್ನು ಹೋಲುವ ವಸ್ತು. ಎಲೆಯಿಂದ ಒಳಸೇರಿ, ಆಹಾರ ಹರಿಯುವ ನಾಳಗಳಲ್ಲಿ ಬೇರಿನವರೆಗೆ ಇಳಿದರೆ ಮಾತ್ರ ಗಿಡ ಅಂಕೆತಪ್ಪಿ ಬೆಳೆದು ಸಾಯುತ್ತದೆ. ನೀರಿಲ್ಲದೆ ಬಾಡಿದ ಗಿಡದಲ್ಲಿ ಆ ಹರಿವೇ ಇರುವುದಿಲ್ಲ. ಹಿಂದಿನ ದಿನ ಕತ್ತರಿಸಿದ್ದರಿಂದ ಔಷಧಿ ಹಿಡಿಯಲು ಎಲೆಯೂ ಇರಲಿಲ್ಲ. ಮೂರನೆಯ ಅನುಮಾನ ನೀರಿನ ಮೇಲೆ ಬಂತು. ನಮ್ಮ ಬೋರ್‌ವೆಲ್ ನೀರಿಗೆ ಸೋಪು ನೊರೆಯೇಳುವುದಿಲ್ಲ, ಗೀಸರ್‌ನ ಕಾಯಿಲ್ ವರ್ಷಕ್ಕೊಮ್ಮೆ ಸುಣ್ಣ ಕಟ್ಟುತ್ತದೆ. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 680 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕದ ಗರಿಷ್ಠ ಮಿತಿಯೇ 600. ಎರಡು ಗಾಜಿನ ಲೋಟ ತೆಗೆದುಕೊಂಡು, ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಮಳೆನೀರು ಹಾಕಿ, ಲೀಟರಿಗೆ ನಾಲ್ಕು ಮಿಲಿಲೀಟರ್ ಲೆಕ್ಕದಲ್ಲಿಯೇ ಔಷಧಿ ಬೆರೆಸಿ ಅರ್ಧ ಗಂಟೆ ಬಿಟ್ಟೆ. ಮಳೆನೀರು ತಿಳಿಯಾಗಿಯೇ ಇತ್ತು. ಬೋರ್‌ವೆಲ್ ನೀರು ಮಜ್ಜಿಗೆಯ ಮೇಲಿನ ತಿಳಿಯಂತೆ ಮಸುಕಾಗಿ, ತಳದಲ್ಲಿ ಬಿಳಿಯ ಚೂರು ಕೂತಿತ್ತು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಔಷಧಿಯನ್ನು ಹಿಡಿದುಕೊಂಡು ಕರಗದ ಲವಣ ಮಾಡಿದ್ದವು. ಎಲೆಯೊಳಗೆ ಹೋಗಬೇಕಾದದ್ದು ಲೋಟದ ತಳದಲ್ಲಿತ್ತು.

ಮೂರು ತಪ್ಪನ್ನೂ ಒಟ್ಟಿಗೆ ತಿದ್ದಿದರೆ ಯಾವುದು ನಿಜವಾದ ಕಾರಣವೆಂದು ತಿಳಿಯುವುದಿಲ್ಲ. ಹಾಗಾಗಿ ಪುನರ್ವಸು ಮಳೆಯ ನಡುವೆ, ಮುಂದಿನ ಒಂದು ದಿನ ಮಳೆ ಬರುವ ಲಕ್ಷಣವಿಲ್ಲದ ಜುಲೈ ತಿಂಗಳ ಒಂದು ಬೆಳಗ್ಗೆ, ಲಾನ್‌ನ ನಡುವೆ ಹಗ್ಗ ಕಟ್ಟಿ ಎರಡು ಭಾಗ ಮಾಡಿದೆ. ಗಿಡಗಳು ಸೊಂಪಾಗಿದ್ದವು, ನಾಲ್ಕು ದಿನದಿಂದ ಕತ್ತರಿಸಿರಲಿಲ್ಲ, ಗಾಳಿ ಇರಲಿಲ್ಲ, ಬಿಸಿಲು ಏರಿರಲಿಲ್ಲ. ಬಲಗಡೆಗೆ ತಾರಸಿಯಿಂದ ಡ್ರಮ್ಮಿಗೆ ಹಿಡಿದ ಮಳೆನೀರು, ಎಡಗಡೆಗೆ ಬೋರ್‌ವೆಲ್ ನೀರು. ಔಷಧಿಯ ಪ್ರಮಾಣ ಒಂದೇ; ರೋಮವಿರುವ ಟ್ರೈಡ್ಯಾಕ್ಸ್ ಎಲೆಯ ಮೇಲೆ ಹನಿ ಉರುಳಿಹೋಗದಂತೆ ಎರಡಕ್ಕೂ ಅಂಟುದ್ರಾವಣ ಬೆರೆಸಿದೆ. ಬೀಸಣಿಗೆಯಂತೆ ಹರಡುವ ಚಪ್ಪಟೆ ನಾಜಲ್ ಹಾಕಿ, ಒತ್ತಡ ಕಡಿಮೆ ಇಟ್ಟು, ಮಂಜಾಗಿ ಹಾರದ ದಪ್ಪ ಹನಿಯಲ್ಲಿ ಹೊಡೆದೆ. ಉದ್ದ ತೋಳು, ಕೈಗವಸು, ಕನ್ನಡಕ, ಮುಖಗವಸು ಎಲ್ಲ ಇದ್ದವು. ಬೀದಿಯ ದನ ಒಳಗೆ ಬರದಂತೆ ಗೇಟಿಗೆ ಬೀಗ ಹಾಕಿದೆ.

ಹದಿನೆಂಟನೆಯ ದಿನ ಹಗ್ಗದ ಎರಡೂ ಕಡೆ ಚೌಕಟ್ಟು ಇಟ್ಟು ನೋಡಿದೆ. ಮಳೆನೀರಿನ ಭಾಗದಲ್ಲಿ ಟ್ರೈಡ್ಯಾಕ್ಸ್ ಪೂರ್ತಿ ಕಂದಿ ಒಣಗಿತ್ತು, ಕೊಮ್ಮೆಯ ಬೇರನ್ನು ಅಗೆದು ನೋಡಿದಾಗ ಮೆತ್ತಗೆ ಕೊಳೆಯತೊಡಗಿತ್ತು, ಕಾಡುಮೆಂತ್ಯ ಮುಕ್ಕಾಲು ಪಾಲು ಹೋಗಿತ್ತು. ಬೋರ್‌ವೆಲ್ ನೀರಿನ ಭಾಗದಲ್ಲಿ ಟ್ರೈಡ್ಯಾಕ್ಸ್‌ನ ಅರ್ಧದಷ್ಟು ಗಿಡಗಳು ಬುಡದಿಂದ ಚಿಗುರಿದ್ದವು, ಕೊಮ್ಮೆ ಎಲೆ ಉದುರಿಸಿ ಬೇರು ಉಳಿಸಿಕೊಂಡಿತ್ತು. ಮೇ ತಿಂಗಳಿಗಿಂತ ಈ ಭಾಗವೂ ಮೇಲು, ಅಂದರೆ ಬಿಸಿಲು, ಬಾಡಿಕೆ, ಕತ್ತರಿಗಳ ತಪ್ಪೂ ಸುಳ್ಳಲ್ಲ; ಆದರೆ ಹಗ್ಗದ ಆ ಕಡೆ ಈ ಕಡೆಯ ಅಂತರವಿಷ್ಟೂ ನೀರಿನದು.

ಮಳೆನೀರು ಇಲ್ಲದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಎಡಭಾಗವೇ ಉತ್ತರ ಕೊಟ್ಟಿತು. ಆಶ್ಲೇಷ ಮಳೆಯ ಕಾಲಕ್ಕೆ ಅಲ್ಲಿ ಚಿಗುರಿದ ಗಿಡಗಳಿಗಷ್ಟೇ, ಅದೇ ಬೋರ್‌ವೆಲ್ ನೀರಿಗೆ ಲೀಟರಿಗೆ 15 ಗ್ರಾಂ ಅಮೋನಿಯಂ ಸಲ್ಫೇಟ್ ಗೊಬ್ಬರವನ್ನು ಮೊದಲು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಔಷಧಿ ಬೆರೆಸಿ ಹೊಡೆದೆ. ಸಲ್ಫೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಅಮೋನಿಯಂ ಔಷಧಿಯ ಜೊತೆ ಕರಗುವ ರೂಪದಲ್ಲಿ ಉಳಿಯುತ್ತದೆ. ಬೆರೆಸುವ ಕ್ರಮ ಮುಖ್ಯ. ಔಷಧಿ ಹಾಕಿದ ಮೇಲೆ ಗೊಬ್ಬರ ಹಾಕಿದರೆ ಕಲ್ಲಾದದ್ದು ಮತ್ತೆ ಪೂರ್ತಿ ಕರಗುವುದಿಲ್ಲ. ಮೂರು ವಾರದಲ್ಲಿ ಆ ಭಾಗವೂ ಬಲಭಾಗಕ್ಕೆ ಸಮವಾಯಿತು.

ನಡುವೆ ಒಂದು ಅವಘಡ. ಜುಲೈ ಸಿಂಪರಣೆಯ ನಂತರ ಯಂತ್ರವನ್ನು ಮೂರು ಬಾರಿ ನೀರಿನಲ್ಲಿ ತೊಳೆದು, ಅದರಲ್ಲಿಯೇ ಟೊಮ್ಯಾಟೊ ಕುಂಡಗಳಿಗೆ ಬೇವಿನೆಣ್ಣೆ ಹೊಡೆದೆ. ವಾರದೊಳಗೆ ಎಲೆಗಳು ಜರೀಗಿಡದ ಕುಡಿಯಂತೆ ಸುರುಳಿ ಸುತ್ತಿ, ಕಾಂಡ ಹುರಿಗೊಂಡು, ಆರು ಗಿಡವೂ ಹಾಳಾದವು. ರಬ್ಬರ್ ಕೊಳವೆಯಲ್ಲಿ ಉಳಿದ ಅಂಶವೇ ಸಾಕಾಗಿತ್ತು. ಈಗ ಎರಡು ಲೀಟರಿನ ಒಂದು ಕೈಪಂಪಿನ ಮೇಲೆ ಕೆಂಪು ಬಣ್ಣದಲ್ಲಿ ‘ಕಳೆ’ ಎಂದು ಬರೆದು ಬೇರೆಯೇ ಇಟ್ಟಿದ್ದೇನೆ. ಇನ್ನೊಂದು ಎಚ್ಚರಿಕೆ: ನರ್ಸರಿಯವರು ಬಫೆಲೊ ಎಂದು ಕೊಡುವ, ಅಗಲ ಎಲೆಯ ಸೇಂಟ್ ಅಗಸ್ಟೀನ್ ಹುಲ್ಲಿಗೆ 2,4-ಡಿ ತಾಳುವುದಿಲ್ಲ. ನಾನು ಬರೆದದ್ದೆಲ್ಲ ಗರಿಕೆಗೆ ಮಾತ್ರ.

ಕಳೆ ಸತ್ತ ಜಾಗ ಖಾಲಿ ಬಿದ್ದರೆ ಮುಂದಿನ ಬೀಜಕ್ಕೆ ಸೀಟು ಕಾಯ್ದಿರಿಸಿದಂತೆ. ಓಡಾಟದ ದಾರಿಯಲ್ಲಿ ಸಲಾಕೆಯಿಂದ ಅಂಗೈಯಗಲಕ್ಕೊಂದರಂತೆ ನಾಲ್ಕಂಗುಲ ಆಳದ ತೂತು ಹಾಕಿ, ದಪ್ಪ ಮರಳು ಮತ್ತು ಎರೆಗೊಬ್ಬರ ಬೆರೆಸಿ ತುಂಬಿಸಿದೆ. ಎರಡು ಭಾನುವಾರ ಹಿಡಿಯಿತು, ಭುಜ ಇನ್ನೂ ನೆನಪಿಟ್ಟುಕೊಂಡಿದೆ. ಅದೇ ದಾರಿಯಲ್ಲಿ ಐದು ಕಡಪ ಕಲ್ಲು ಹಾಸಿ ಮಕ್ಕಳ ಕಾಲನ್ನು ಹುಲ್ಲಿನಿಂದ ಎತ್ತಿದೆ. ಇಡೀ ಲಾನ್‌ಗೆ 300 ಗ್ರಾಂ ಯೂರಿಯಾವನ್ನು ಮರಳಿನಲ್ಲಿ ಬೆರೆಸಿ ಎರಚಿ, ತಕ್ಷಣ ನೀರು ಹಾಯಿಸಿದೆ. ತಿಂಗಳು ಬಿಟ್ಟು ಇನ್ನೊಮ್ಮೆ. ದಿನವೂ ಹತ್ತು ನಿಮಿಷ ಪೈಪ್ ಹಿಡಿಯುವುದನ್ನು ಬಿಟ್ಟು, ಮಳೆಯಿಲ್ಲದ ವಾರದಲ್ಲಿ ಎರಡು ಸಲ ಆಳಕ್ಕೆ ಇಳಿಯುವಂತೆ ಬಿಡುತ್ತೇನೆ. ಕತ್ತರಿಸುವ ಯಂತ್ರದ ಎತ್ತರವನ್ನು ಒಂದು ಸೆಂಟಿಮೀಟರಿನಿಂದ ಮೂರಕ್ಕೆ ಏರಿಸಿದ್ದೇ ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅಭಿಪ್ರಾಯ. ಬೋಳು ಹೊಡೆದ ಲಾನ್‌ನಲ್ಲಿ ಬಿಸಿಲು ನೇರವಾಗಿ ಮಣ್ಣಿಗೆ ಬಿದ್ದು ಬೀಜಗಳನ್ನು ಎಬ್ಬಿಸುತ್ತದೆ. ಗರಿಕೆ ದಟ್ಟವಾಗಿ ಮುಚ್ಚಿದರೆ ಅವು ಮಲಗಿಯೇ ಇರುತ್ತವೆ. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಸಿಂಪರಣೆಯ ನಂತರದ ಮೂರು ಕತ್ತರಿಯ ಹುಲ್ಲನ್ನು ದನಕ್ಕೂ ಹಾಕಲಿಲ್ಲ, ಗೊಬ್ಬರದ ಗುಂಡಿಗೂ ಹಾಕಲಿಲ್ಲ.

ಗಣೇಶ ಚತುರ್ಥಿಯ ದಿನ ಬೆಳಗಿನಿಂದಲೇ ಗರಿಕೆ ಕೇಳಿಕೊಂಡು ಓಣಿಯ ಮಕ್ಕಳು ಬಂದರು. ಮುಂದಿನ ಲಾನನ್ನು ಮುಟ್ಟಬಾರದೆಂದು ಗೇಟಿಗೆ ಹಿಂದಿನ ವಾರವೇ ಕಾಗದ ಅಂಟಿಸಿದ್ದೆ. ಔಷಧಿ ಸೋಕದ ಗರಿಕೆಯನ್ನು ಜೂನ್‌ನಲ್ಲಿಯೇ ಹಿತ್ತಲಿನ ಎರಡು ಹಳೆಯ ಬಕೆಟ್‌ಗಳಲ್ಲಿ ಬೆಳೆಸಿದ್ದರಿಂದ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಪಕ್ಕದ ಬಕೆಟ್‌ನಲ್ಲಿ ಅವ್ವ ಹೊನಗನ್ನೆ ನೆಟ್ಟುಕೊಂಡಿದ್ದಾಳೆ. ಸೋರುವ ನಲ್ಲಿಗೆ ಹೊಸ ವಾಷರ್ ಹಾಕಿದ ಮೇಲೆ ಲಾನ್‌ನ ಹೊನಗನ್ನೆ ತಾನಾಗಿಯೇ ಬಡವಾಯಿತು.

ಉತ್ತರೆ ಮಳೆಯ ಹೊತ್ತಿಗೆ ಅದೇ ಹತ್ತು ಕಡೆ ಚೌಕಟ್ಟು ಇಟ್ಟು ಎಣಿಸಿದೆ: 21 ಗಿಡ. ಅವುಗಳಲ್ಲಿ ಹದಿನೈದು ಹುಳಿಸೊಪ್ಪು, ನಾಲ್ಕು ಹೊಸದಾಗಿ ಮೊಳೆತ ಟ್ರೈಡ್ಯಾಕ್ಸ್, ಎರಡು ಕಾಡುಮೆಂತ್ಯ. ಕೊಮ್ಮೆ ಚೌಕಟ್ಟಿನೊಳಗೆ ಸಿಗಲಿಲ್ಲ, ಬೇಲಿಯ ಬುಡದಲ್ಲಿ ಒಂದು ಇದೆ. ಎಣಿಕೆಗೆ ಸೇರದ ಜೇಕು ಮಾತ್ರ ಅಗಲ ಎಲೆಯವು ತೆರವು ಮಾಡಿಕೊಟ್ಟ ಜಾಗದಲ್ಲಿ ಹಾಯಾಗಿ ಹಬ್ಬಿದೆ. ಮೂರು ಮೂಲೆಯ ಕಾಂಡ ನೋಡಿದರೆ ಸಾಕು ಅದು ಹುಲ್ಲೂ ಅಲ್ಲ, ಅಗಲ ಎಲೆಯದೂ ಅಲ್ಲ ಎಂದು ತಿಳಿಯುತ್ತದೆ. 2,4-ಡಿ ಅದರ ಎಲೆಯ ತುದಿ ಸುಟ್ಟರೂ ಮಣ್ಣಿನೊಳಗೆ ಸರದಂತೆ ಪೋಣಿಸಿದ ಗೆಡ್ಡೆಗಳನ್ನು ಮುಟ್ಟುವುದಿಲ್ಲ. ನಿನ್ನೆ ಒಂದು ಬುಡವನ್ನು ಸಲಾಕೆಯಿಂದ ಎಬ್ಬಿಸಿದಾಗ ಒಂದೇ ಎಳೆಯಲ್ಲಿ ಒಂಬತ್ತು ಗೆಡ್ಡೆ ಬಂದವು. ಹಾಗೆ ಜೇಕು ಕಂಡಲ್ಲೆಲ್ಲ ಗುರುತಿಗೆ ಕಡ್ಡಿ ನೆಟ್ಟ ಜಾಗಗಳು ಇನ್ನೂ ಹದಿಮೂರು ಇವೆ.